ಜೇನು ಗೂಡು ಸೇರಿದ ಮೇಲೆ

ಎಲ್ಲರ ಬಾಯಲ್ಲೂ ಅವಳು ಜೇನಕ್ಕ. ಸೂರ್ಯಕಾಂತಿ ಹೊಲದ ಬದುವಿನಲ್ಲಿ ಅವಳ ಜೇನುಪೆಟ್ಟಿಗೆಗಳಿದ್ದವು. ಹೂವಿಗೆ ಹುಳ ಬಿದ್ದಾಗ ಔಷಧಿ ಸಿಂಪಡಿಸಲು ಪುಟ್ಟ ವಿಮಾನ ತಂದ ಪೈಲಟ್ ಅವಳ ಸ್ವಂತ ತಮ್ಮ.

"ಹಗಲು ಹೊಡೆದ್ರೆ ನನ್ನ ಜೇನೆಲ್ಲ ಹೂವಿನ ಮೇಲೇ ಸಾಯುತ್ತೆ ಕಣೋ. ಅವು ಗೂಡು ಸೇರಿದ ಮೇಲೆ ಹೊಡಿ," ಎಂದಿದ್ದಳು.

"ನಿನ್ನ ಮಕ್ಕಳಿಗೆ ನಿದ್ದೆ, ನನಗೆ ರಾತ್ರಿ ಪಾಳಿ. ಚೆನ್ನಾಗಿದೆ ಅಕ್ಕ ನಿನ್ನ ನ್ಯಾಯ," ಎಂದು ನಕ್ಕು ಒಪ್ಪಿಕೊಂಡಿದ್ದ.

ಆ ರಾತ್ರಿ ಅವಳು ಔಷಧಿ ತಾಗದಂತೆ ಪೆಟ್ಟಿಗೆಗಳ ಮೇಲೆ ಒದ್ದೆ ಗೋಣಿ ಹೊದಿಸುತ್ತ ನೋಡುತ್ತಿದ್ದಳು. ವಿಮಾನದ ದೀಪ ಹೂಗಳ ತಲೆ ಸವರುವಷ್ಟು ಕೆಳಗೆ ಬಂದು, ಹೊಲದ ಕೊನೆಯಲ್ಲಿ ಮೇಲೇರಿ ತಿರುಗುತ್ತಿತ್ತು. ಅಲ್ಲಿ ಕರೆಂಟಿನ ತಂತಿ ಹಾದುಹೋಗಿತ್ತು. ಹಗಲಲ್ಲೇ ಅದನ್ನು ನೋಡಿಟ್ಟುಕೊಂಡಿದ್ದ ಅವನು. ಆದರೂ ಒಂದು ಸಲ ದೀಪ ಮೇಲೇಳಲಿಲ್ಲ. ನೀಲಿ ಕಿಡಿ ಹಾರಿತು, ಆಮೇಲೆ ಸದ್ದು. ಗೋಣಿಯ ತುದಿ ಕೈಯಲ್ಲೇ ಇತ್ತು. ಈಗ ಏಳ್ತಾನೆ, ಎಂದುಕೊಂಡಳು. ಬೆಂಕಿ ಕಾಣಿಸಿದ ಮೇಲೂ ಹಾಗೇ ಅಂದುಕೊಂಡಳು.

ಮರುದಿನ ತಮ್ಮನ ಮನೆಯ ಅಡುಗೆಮನೆಯಲ್ಲಿ ಅವನ ಹೆಂಡತಿ ನೆಲದ ಮೇಲೆ ಕೂತಿದ್ದಳು. ಯಾರೋ ಒಲೆ ಹಚ್ಚಿ ಏನನ್ನೂ ಇಡದೆ ಹೋಗಿದ್ದರು. ಉರಿ ಸುಮ್ಮನೆ ಉರಿಯುತ್ತಿತ್ತು. ವಿಮಾನದ ಮೆಕ್ಯಾನಿಕ್ ಬಾಗಿಲಲ್ಲೇ ನಿಂತು, "ಎಂಜಿನ್ ಸರಿಯಾಗೇ ಇತ್ತು ಅತ್ತಿಗೆ, ನಾನೇ ನೋಡಿದ್ದೆ. ರಾತ್ರಿ ಯಾಕೆ ಹಾರಿದ್ನೋ, ಅದೇ ತಿಳೀತಿಲ್ಲ," ಎಂದ.

"ಗಾಳಿ," ಎಂದಳು ತಮ್ಮನ ಹೆಂಡತಿ. "ಹಗಲು ವಿಪರೀತ ಗಾಳಿ, ಔಷಧಿ ಎಲ್ಲೆಲ್ಲೋ ಹೋಗುತ್ತೆ ಅಂತ ಇವರೇ ಅಂದ್ರು."

ಒಲೆಯ ಪಕ್ಕ ನಿಂತಿದ್ದ ಜೇನಕ್ಕನಿಗೆ ಅರ್ಥವಾಯಿತು. ತಮ್ಮ ಹೆಂಡತಿಯ ಮುಂದೆ ಅಕ್ಕನ ಹೆಸರೆತ್ತಿರಲಿಲ್ಲ. ಎತ್ತಿದ್ದರೆ, "ಅಕ್ಕ ಅಂದ್ರೆ ಸಾಕು, ಕುಣೀತೀರಿ," ಎಂದು ಹೆಂಡತಿ ಎಂದಿನಂತೆ ಚುಚ್ಚುತ್ತಿದ್ದಳು, ಬಹುಶಃ ತಡೆದೂ ಬಿಡುತ್ತಿದ್ದಳು. ಇನ್ನು ಸುಮ್ಮನಿದ್ದರೆ ಆಯಿತು, ತಪ್ಪೆಲ್ಲ ಗಾಳಿಯದೇ. ಈ ಮನೆಯ ಬಾಗಿಲೂ ತನಗೆ ಮುಚ್ಚುವುದಿಲ್ಲ.

ಮೆಕ್ಯಾನಿಕ್ ಹೊರಗೆ ಹೋದ.

"ಹಾಳು ಗಾಳಿ," ಎಂದಳು ತಮ್ಮನ ಹೆಂಡತಿ. "ನೀವು ಹಗಲೂ ಅಲ್ಲೇ ಇದ್ರಲ್ಲ ಅಕ್ಕ. ಅಷ್ಟೊಂದು ಇತ್ತಾ?"

ಜೇನಕ್ಕ ಒಲೆ ಆರಿಸಿದಳು. ಬೇರೆ ಮಾಡಲು ಏನೂ ಉಳಿಯಲಿಲ್ಲ.

"ಇರಲಿಲ್ಲ. ಒಂದೆಲೆನೂ ಅಲ್ಲಾಡ್ತಿರಲಿಲ್ಲ. ಜೇನು ಸಾಯುತ್ತೆ ಅಂತ ನಾನೇ ಕೇಳ್ಕೊಂಡೆ. ಅದಕ್ಕೇ ರಾತ್ರಿ ಹಾರಿದ."

ತಮ್ಮನ ಹೆಂಡತಿ ಅಳಲಿಲ್ಲ, ಬೈಯಲಿಲ್ಲ. ಪರಿಚಯವಿಲ್ಲದವರನ್ನು ನೋಡುವಂತೆ ಅವಳ ಮುಖವನ್ನೇ ನೋಡಿದಳು. ಆಮೇಲೆ ಕೇಳಿದಳು:

"ಬದುಕಿದ್ವಾ? ನಿಮ್ಮ ಜೇನು?"

ಜೇನಕ್ಕ ಹೌದೆಂದು ತಲೆಯಾಡಿಸಿದಳು.