ಅಮ್ಮನ ಹಿಮ್ಮಡಿ

ಸ್ಟುಡಿಯೋದಲ್ಲಿ ನನ್ನನ್ನು ಎಲ್ಲರೂ ಚರ್ಮದಕ್ಕ ಎನ್ನುತ್ತಾರೆ. ಹಳೆಯ ಕಾರ್ಟೂನ್ ಪ್ರಾಣಿಗಳನ್ನು ಸಿನಿಮಾಕ್ಕೆ ತರುವಾಗ ಅವಕ್ಕೆ ನಿಜವೆನಿಸುವ ಚರ್ಮ, ಕೂದಲು, ಉಗುರು ಕೊಡುವುದು ನನ್ನ ಕೆಲಸ. ಈ ಸಲ ಸಿಕ್ಕಿದ್ದು ದಡೂತಿ ಎಂಬ ಪ್ರಾಣಿ. ಮನೆಯಷ್ಟು ಎತ್ತರ, ಮೂರು ಕಣ್ಣು. ಕಾರ್ಟೂನಿನಲ್ಲಿ ಅದರ ಮೈಯೆಲ್ಲ ಒಂದೇ ನೇರಳೆ ಬಣ್ಣ, ಪಾದವೆಂದರೆ ಎರಡು ಉಂಡೆ. ಈಗ ಅದು ನಿಜವಾದ ನಟರ ಪಕ್ಕ ನಿಲ್ಲಬೇಕು. ಉಂಡೆಯ ಮೇಲೆ ನಿಂತರೆ ಜನ ನಗುತ್ತಾರೆ.

ಚರ್ಮವನ್ನು ನಾವು ಸುಮ್ಮನೆ ಕಲ್ಪಿಸಿ ಬಿಡಿಸುವುದಿಲ್ಲ. ಎಲ್ಲಿಂದಲಾದರೂ ಫೋಟೋ ತೆಗೆದು ತರುತ್ತೇವೆ. ಕಾಡು ತಿರುಗುವ ಪ್ರಾಣಿಗೆ ತಕ್ಕ ಪಾದಕ್ಕಾಗಿ ಎಲ್ಲೆಲ್ಲೋ ಹುಡುಕಿ ಸಾಕಾಗಿ ಮನೆಗೆ ಬಂದರೆ, ಅಮ್ಮ ಸೋಫಾದ ಮೇಲೆ ಕಾಲು ಚಾಚಿ ಕುಳಿತಿದ್ದಳು. ಬಿರುಕುಬಿಟ್ಟ ಹಿಮ್ಮಡಿ! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ.

"ಫೋಟೋನಾ? ಇರು, ಮುಖ ತೊಳ್ಕೊಂಡು ಬರ್ತೀನಿ."

"ಮುಖ ಬೇಡಮ್ಮ. ಹಿಮ್ಮಡಿ."

"ನೋಡ್ರಪ್ಪಾ, ಹೆತ್ತವಳ ಮುಖ ಬೇಡ್ವಂತೆ ಇವಳಿಗೆ!"

ಆಮೇಲೆ ಅವಳಿಗೆ ಅದೇ ಜಂಭ. ತನ್ನ ಹಿಮ್ಮಡಿ ಸಿನಿಮಾದಲ್ಲಿ ಬರುತ್ತದೆಂದು ಪಕ್ಕದ ಮನೆಯವರಿಗೆಲ್ಲ ಡಂಗುರ ಸಾರಿದಳು. ಬೆಳಕು ಸರಿಯಿಲ್ಲವೆಂದು ನಾನು ಮತ್ತೆ ಮತ್ತೆ ಫೋಟೋ ತೆಗೆಯುತ್ತಿದ್ದೆ. ಬಿರುಕಿನಲ್ಲಿ ರಕ್ತ ಒಸರತೊಡಗಿದಾಗ ಮುಲಾಮು ಹಚ್ಚಲು ಹೋದರೆ ಕಾಲು ಎಳೆದುಕೊಂಡಳು.

"ಉರಿಯುತ್ತೆ ಕಣೇ. ನಿನ್ನ ದಡೂತಿ ಮುಗೀಲಿ, ಆಮೇಲೆ ಹಚ್ಚು."

ದಡೂತಿ ಮುಗಿಯಲಿಲ್ಲ, ಅಮ್ಮ ಹೋಗಿಬಿಟ್ಟಳು. ಮಲಗಿದವಳು ಏಳಲೇ ಇಲ್ಲ.

ಆಮೇಲೆ ಬೀಗ ತೆಗೆದು ಒಳಗೆ ಹೋದರೆ ಮನೆ ಬಿಕೋ ಎನ್ನುತ್ತಿತ್ತು. ಬೈಯಲೂ ಯಾರೂ ಇರಲಿಲ್ಲ. ಹಾಗಾಗಿ ಸ್ಟುಡಿಯೋದಲ್ಲೇ ಕೂರುತ್ತಿದ್ದೆ, ಪರದೆ ತುಂಬ ಆ ಪಾದ ಇಟ್ಟುಕೊಂಡು. ಅದರ ಒಂದೊಂದು ಬಿರುಕೂ ಅಮ್ಮನದು. ಸಿನಿಮಾ ಬಂದ ಮೇಲೆ ಎಲ್ಲೋ ಒಂದು ಕಡೆ ಅವಳು ನಡೆಯುತ್ತಿರುತ್ತಾಳೆ ಎಂಬುದೊಂದೇ ನನಗಿದ್ದ ಆಸೆ.

ಒಂದು ಮಧ್ಯಾಹ್ನ ನಿರ್ದೇಶಕರು ಬಂದರು. "ಚರ್ಮದಕ್ಕ, ಪಾದ ನುಣುಪು ಮಾಡಿ. ಬಿರುಕೆಲ್ಲ ಹೋಗ್ಬೇಕು."

ನನಗೆ ಮೈಯೆಲ್ಲ ಉರಿದುಹೋಯಿತು. "ಕಾಡು ಸುತ್ತೋ ಪ್ರಾಣಿಗೆ ಎಳೇ ಮಗು ಪಾದ ಇರುತ್ತಾ ಸಾರ್? ಬೇಕಾದ್ರೆ ಮೂರು ಕಣ್ಣೂ ಕಿತ್ತು ಹಾಕ್ತೀನಿ. ಪಾದ ಮಾತ್ರ ಮುಟ್ಟಲ್ಲ."

ಅವರು ರೇಗಲಿಲ್ಲ. "ನಿನ್ನೆ ಒಂದಿಷ್ಟು ಮಕ್ಕಳನ್ನ ಕರೆಸಿ ದಡೂತಿನ ತೋರಿಸಿದ್ವಿ. ಹೆದರ್ತಾರೆ ಅಂದ್ಕೊಂಡಿದ್ದೆ, ಪಾದ ನೋಡಿ ಅತ್ತುಬಿಟ್ರು. ಪಾಪ, ಅದಕ್ಕೆ ನಡೆಯೋಕೆ ಎಷ್ಟು ನೋವಾಗುತ್ತೆ ಅಂದ್ರು."

ಆ ಬಿರುಕುಗಳನ್ನು ಎಷ್ಟು ದೊಡ್ಡದು ಮಾಡಿ ನೋಡಿದ್ದೆ ನಾನು! ಕಂಡದ್ದು ಅಂದ ಮಾತ್ರ.

ಎಲ್ಲರೂ ಊಟಕ್ಕೆ ಹೋದರು. ಪಕ್ಕದ ಕುರ್ಚಿಗಳು ಖಾಲಿಯಾದವು. ಪರದೆಯಲ್ಲಿ ನುಣುಪು ಮಾಡುವ ಬ್ರಷ್ಷನ್ನು ಆದಷ್ಟು ಮೃದು ಮಾಡಿಕೊಂಡು, ಎಲ್ಲಕ್ಕಿಂತ ಆಳವಾದ ಬಿರುಕಿನ ಮೇಲಿಟ್ಟೆ. ರಕ್ತ ಒಸರಿದ್ದು ಅಲ್ಲೇ.

"ಕಾಲು ಎಳ್ಕೋಬೇಡಮ್ಮ," ಎಂದೆ. "ಉರಿಯಲ್ಲ."