ಹನ್ನೆರಡನೆಯ ಕಣ್ಣು

ಪ್ರಯೋಗಾಲಯದ ಸೋಮವಾರದ ಸಭೆಗೆ ನೊಣಗಳ ಹನ್ನೆರಡು ಕಣ್ಣು ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಭಾನುವಾರ ಮಧ್ಯಾಹ್ನ ಕೊನೆಯ ನೊಣದ ಕಣ್ಣನ್ನು ತಲೆಯಿಂದ ಬಿಡಿಸುವಾಗ ಚಿಮಟ ಜಾರಿ ಅದು ಹರಿದೇ ಹೋಯಿತು. ಇನ್ನೊಂದು ನೊಣ ಬೆಳೆಸಲು ಹತ್ತು ದಿನ ಬೇಕು. ನನಗೋ ಹತ್ತು ನಿಮಿಷದ ತಾಳ್ಮೆಯೂ ಇಲ್ಲ.

ನೊಣದ ಕಣ್ಣೆಂದರೆ ಸುಮಾರು ಎಂಟುನೂರು ಪುಟ್ಟ ಕಿಟಕಿ. ಒಂದೊಂದರ ಜೀವಕೋಶವೂ ತನ್ನಷ್ಟಕ್ಕೆ ನಾಣ್ಯ ಚಿಮ್ಮಿದಂತೆ ಹಳದಿಯಾಗುತ್ತದೆ, ಇಲ್ಲವೇ ಬಿಳಿಯಾಗುತ್ತದೆ, ಪಕ್ಕದವರನ್ನು ಕೇಳುವುದಿಲ್ಲ. ನಮ್ಮ ಪ್ರಯೋಗಾಲಯದ ಹಿರಿಯ ವಾಲ್ಟರ್ ಮೂವತ್ತು ವರ್ಷದಿಂದ ವಾದಿಸಿಕೊಂಡು ಬಂದದ್ದು ಇದನ್ನೇ. ನೂರಕ್ಕೆ ಎಪ್ಪತ್ತು ಹಳದಿ, ಮೂವತ್ತು ಬಿಳಿ. ಲೆಕ್ಕ ಗೊತ್ತಿದ್ದ ಮೇಲೆ ಚುಕ್ಕಿ ಇಡುವುದೇನು ಮಹಾ? ಕಂಪ್ಯೂಟರಿನ ಮುಂದೆ ಕೂತು ಹನ್ನೆರಡನೆಯ ಕಣ್ಣಿನ ಚಿತ್ರಕ್ಕೆ ನಾನೇ ಇಟ್ಟುಬಿಟ್ಟೆ.

ಸಭೆಯಲ್ಲಿ ಹನ್ನೆರಡೂ ಕಣ್ಣಿನ ಚಿತ್ರಗಳು ಗೋಡೆಯ ಮೇಲೆ ಮೂಡಿದವು.

"ರೆನಾಟಾ, ಕಾಲು ಕುಣಿಸೋದು ನಿಲ್ಸೇ, ಕಾಫಿ ಚೆಲ್ತಿದೆ," ಎಂದ ಪಕ್ಕದಲ್ಲಿದ್ದ ಸಹೋದ್ಯೋಗಿ ಡೆಸ್ಮಂಡ್. ಆಮೇಲೆ ಗೋಡೆ ನೋಡಿ ನಕ್ಕ. "ಇದೇನು, ಆ ಕೊನೇ ನೊಣ ಸ್ಕೇಲ್ ಹಿಡ್ಕೊಂಡೇ ಹುಟ್ಟಿತ್ತಾ?"

ನಿಜವಾದ ಹನ್ನೊಂದರಲ್ಲಿ ಬಿಳಿ ಚುಕ್ಕಿಗಳು ಒಂದೆಡೆ ಐದಾರು ಗುಂಪುಗೂಡಿದ್ದವು, ಇನ್ನೊಂದೆಡೆ ಹುಡುಕಿದರೂ ಇರಲಿಲ್ಲ. ಚಿಮ್ಮಿದ ನಾಣ್ಯ ಹಾಗೇ ಬೀಳುವುದು. ನನ್ನದರಲ್ಲಿ ಎರಡು ಬಿಳಿ ಕೂಡ ಅಕ್ಕಪಕ್ಕ ಕೂತಿರಲಿಲ್ಲ. ಗುಂಪು ಕಂಡರೆ ಸುಳ್ಳೆನಿಸೀತೆಂದು ನಾನೇ ಚೆನ್ನಾಗಿ ಚದುರಿಸಿದ್ದೆ! ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ವಾಲ್ಟರ್ ನಗಲಿಲ್ಲ. ಕಚ್ಚಿದ ಡೋನಟ್ ಕೆಳಗಿಟ್ಟರು. "ಒಬ್ರನ್ನೊಬ್ರು ಕೇಳ್ದೆ ಇಷ್ಟು ಅಚ್ಚುಕಟ್ಟಾಗಿ ಕೂರೋಕಾಗಲ್ಲ. ಇವು ಮಾತಾಡ್ಕೊಳ್ತಿವೆ ಕಣ್ರೋ. ಹಾಗಾದ್ರೆ ಇಷ್ಟು ವರ್ಷ ನಾನು ಹೇಳಿದ್ದು ತಪ್ಪು." ಪಕ್ಕಕ್ಕೆ ತಿರುಗಿದರು. "ಡೆಸ್ಮಂಡ್, ಪತ್ರಿಕೆಗೆ ಕಳ್ಸಿರೋ ನಮ್ಮ ಲೇಖನ ಅಚ್ಚು ಮಾಡ್ಬೇಡಿ ಅಂತ ಈಗ್ಲೇ ಪತ್ರ ಬರಿ."

ಅರವತ್ತೆಂಟರ ಮನುಷ್ಯ. ವಾದಿಸುತ್ತಾರೆ, ನನ್ನ ಮೇಲೆ ರೇಗುತ್ತಾರೆ ಎಂದುಕೊಂಡಿದ್ದೆ. ಒಂದು ಕಣ್ಣಿಗಾಗಿ ಬದುಕಿಡೀ ಮಾಡಿದ ಕೆಲಸವನ್ನೇ ಬಿಟ್ಟುಕೊಟ್ಟರು. ನಾನು ಎದ್ದು ನಿಂತೆ.

"ಬರೀಬೇಡಿ. ಅದು ನೊಣದ್ದಲ್ಲ, ವಾಲ್ಟರ್. ಚುಕ್ಕಿ ಇಟ್ಟಿದ್ದು ನಾನು."

"ಹನ್ನೊಂದೇ ಇದೆ ಅಂದಿದ್ರೆ ನಿನ್ನ ನುಂಗಿಬಿಡ್ತಿದ್ನಾ, ಮಾರಾಯ್ತಿ?" ಅವರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಉಳಿದ ಹನ್ನೊಂದು?" ಎಂದು ಡೆಸ್ಮಂಡ್ ಕೇಳಿದ.

"ನಿಜ. ದೇವರಾಣೆ ನಿಜ."

ಯಾರೂ ನನ್ನ ಮುಖ ನೋಡಲಿಲ್ಲ. ಒಂದು ವರ್ಷ ಬೆನ್ನು ಬಗ್ಗಿಸಿ ನಾನು ಚುಕ್ಕಿ ಎಣಿಸಿದ ಕಣ್ಣುಗಳ ಪೆಟ್ಟಿಗೆಯನ್ನು ಡೆಸ್ಮಂಡ್ ನನ್ನ ಕೈಯಿಂದ ತೆಗೆದುಕೊಂಡು, ಮೊದಲನೆಯ ಕಣ್ಣಿನಿಂದ ಮತ್ತೆ ಎಣಿಸತೊಡಗಿದ.