ಉಣ್ಣೆ ದಾರದ ತುದಿ

ಮುದಿ ಪೂಜಾರಿಣಿ ತಿಮಾರೆತಾ ದಿನಾ ಬೆಳಗ್ಗೆ ಬಾರ್ಲಿ ರೊಟ್ಟಿ ತಂದಿಟ್ಟು ಒಂದೇ ಪ್ರಶ್ನೆ ಕೇಳುತ್ತಿದ್ದಳು: "ನೋವು ಶುರುವಾಯ್ತೇನೇ?"

ಇಲ್ಲವೆಂದು ಮಾಂತೊ ತಲೆಯಾಡಿಸುತ್ತಿದ್ದಳು. ಗ್ರೀಕರ ಹೇರಾ ದೇವಿಯ ಗುಡಿಯಲ್ಲಿ ಪೀಠವನ್ನು ಅಪ್ಪಿ ಕುಳಿತ ತುಂಬು ಬಸುರಿ ಅವಳು, ದುಡ್ಡಿಗೆ ಕೊಂಡ ಆಳು. ಹೆಣ್ಣು ಹುಟ್ಟಿದರೆ ಗುಡ್ಡದಲ್ಲಿ ಬಿಸಾಕಿ ಬರುತ್ತೇನೆಂದು ಒಡೆಯ ಮ್ನಾಸಿಯೋನ್ ಹೇಳಿದ ದಿನವೇ ಓಡಿಬಂದಿದ್ದಳು. ಪೀಠ ಹಿಡಿದವರನ್ನು ಯಾರೂ ಮುಟ್ಟುವಂತಿಲ್ಲ. ಆದರೆ ಗುಡಿಯ ಗಡಿಕಲ್ಲಿನೊಳಗೆ ಹೆರಿಗೆಯೂ ಆಗುವಂತಿಲ್ಲ, ಮೈಲಿಗೆ. ಅದು ಗೊತ್ತಿದ್ದೇ ಮ್ನಾಸಿಯೋನ್ ಕಲ್ಲಿನಾಚೆ ಅಂಜೂರದ ನೆರಳಲ್ಲಿ ಆಲಿವ್ ಕಾಯಿ ಚೀಪುತ್ತ ಆರಾಮಾಗಿ ಕಾದಿದ್ದ. ಹೆಂಗಸಿನ ಹೊಟ್ಟೆಯನ್ನೇ ತನ್ನ ಕಾವಲಿಗೆ ಇಟ್ಟುಕೊಂಡಿದ್ದ, ನೀಚ.

ಮುದುಕಿಯೂ ಅವನ ಕಡೆಯವಳೇ ಎಂದು ಮಾಂತೊ ತೀರ್ಮಾನಿಸಿಬಿಟ್ಟಿದ್ದಳು. ಇಲ್ಲದಿದ್ದರೆ ದಿನಾ ಅದೇ ಪ್ರಶ್ನೆ ಯಾಕೆ? ನಿನ್ನೆ ಅವನ ಕೈಯಿಂದ ಆಲಿವ್ ಇಸಿದುಕೊಂಡು ತಿಂದದ್ದೇಕೆ? ಎದುರಿಗೇ ಕುಳಿತು, ಮುಗಿಯದ ಉಣ್ಣೆ ದಾರ ನೂಲುವುದೇಕೆ? ತನ್ನ ಕೈಕಾಲು ಕಟ್ಟುವುದಕ್ಕೇ ಇರಬೇಕು. ಅವಳು ಕೊಟ್ಟ ರೊಟ್ಟಿಯನ್ನೂ ಮಾಂತೊ ಮೊದಲು ಗುಬ್ಬಿಗಳಿಗೆ ಹಾಕಿ ನೋಡಿಯೇ ತಿನ್ನುತ್ತಿದ್ದಳು.

ನೋವು ಬಂದಾಗ ಹೊದಿಕೆಯ ಅಂಚು ಕಚ್ಚಿ ಸಹಿಸಿದಳು. ಅದು ತಿಮಾರೆತಾಳ ಕಣ್ಣಿಗೆ ಬಿತ್ತು. ಏಳು ಎಂದು ಕೈ ಚಾಚಿದಳು. ಮಾಂತೊ ಹಿಡಿಯಲಿಲ್ಲ, ಪೂಜಾರಿಣಿಯ ಕೈ ಹಿಡಿದು ಎದ್ದರೆ ದೇವಿಯ ಮೊರೆ ಹೊಕ್ಕದ್ದು ಅಲ್ಲಿಗೇ ಮುಗಿಯಿತೆಂದು ಲೆಕ್ಕ.

ಮುದುಕಿ ಗೊಣಗುತ್ತ ದಾರದ ಒಂದು ತುದಿಯನ್ನು ದೇವಿಯ ಪಾದಕ್ಕೆ ಕಟ್ಟಿ, ಇನ್ನೊಂದನ್ನು ಮಾಂತೊಳ ಮಣಿಕಟ್ಟಿಗೆ ಸುತ್ತಿದಳು. "ಇದು ಹರಿಯೋ ತನಕ ನೀನು ಪೀಠದ ಮೇಲೇ ಇದ್ದಂಗೆ. ಊರೆಲ್ಲ ಒಪ್ಪಿರೋ ಕಟ್ಟಳೆ. ನಡಿ."

ಹರಿದರೆ? ಮಾಂತೊ ಜಗ್ಗಿ ನೋಡಿದಳು. ಗಟ್ಟಿಯಾಗಿತ್ತು. ಆದರೂ ಗಡಿಕಲ್ಲು ದಾಟುವಾಗ ಇನ್ನೊಂದು ಕೈಯಿಂದಲೂ ದಾರ ಹಿಡಿದುಕೊಂಡಳು.

ಅಂಜೂರದ ಬುಡದಲ್ಲೇ ಹೆರಿಗೆಯಾಯಿತು. ಹೆಣ್ಣು. ಮ್ನಾಸಿಯೋನ್ ಬಂದು ನಿಂತು ನಕ್ಕ.

"ದಾರ ತಾಯಿ ಕೈಲಿದೆ, ಸರಿ. ಮಗೂಗೆ ಕಟ್ಟಿಲ್ವಲ್ಲಮ್ಮ," ಎಂದು ಬಗ್ಗಿದ.

ಮಾಂತೊ ಕೂಸನ್ನು ಎದೆಗೆ ಅವುಚಿಕೊಂಡಳು. ಮುದುಕಿ ಕರೆತಂದದ್ದು ಇದಕ್ಕೇ ಎಂದುಕೊಂಡಳು.

"ಹೊಕ್ಕುಳಬಳ್ಳಿ ಇನ್ನೂ ಕೊಯ್ದಿಲ್ಲ, ಕಣ್ಣು ಕಾಣಲ್ವೇನೋ?" ಎಂದಳು ತಿಮಾರೆತಾ. "ಕೂಸು ತಾಯಿಗೆ ಅಂಟ್ಕೊಂಡಿದೆ, ತಾಯಿ ದೇವೀಗೆ. ಮುಟ್ಟು ನೋಡೋಣ."

ಅವನ ಕೈ ಅಲ್ಲೇ ನಿಂತಿತು. ಮುದುಕಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಇನ್ನೊಂದು ದಾರ ತೆಗೆದು, ಮಗುವಿನ ಕಾಲಿಗೆ ಕಟ್ಟಿ ತಾಯಿಯ ದಾರಕ್ಕೆ ಗಂಟು ಹಾಕಿದಳು. ಆಮೇಲೆ ಬಳ್ಳಿ ಕೊಯ್ಯಲು ಚಾಕು ಕೈಗೆತ್ತಿಕೊಂಡಳು.

"ತಡಿಯಮ್ಮ," ಎಂದಳು ಮಾಂತೊ. ಗಂಟನ್ನು ಹಲ್ಲಿನಲ್ಲಿ ಕಚ್ಚಿ ಜಗ್ಗಿದಳು. ಅದು ಬಿಚ್ಚಿಕೊಳ್ಳಲಿಲ್ಲ.

"ಈಗ ಕೊಯ್ಯಿ."